ಬಾಣಂತಿಯ ಡಬ್ಬಿಯ ಉಂಡಿ

ಕೂಸಿಗೆ ಎರೆಯಲು ಕೂತಿದ್ದೆ. ಬಚ್ಚಲಲ್ಲಿ ಮಣೆ ಹಾಕಿಕೊಂಡು, ಎರಡೂ ಕಾಲು ಉದ್ದಕ್ಕೆ ಚಾಚಿ, ಕಾಲ ಮೇಲೆ ಮೊಮ್ಮಗಳನ್ನು ಬೋರಲು ಮಲಗಿಸಿ, ಬೆನ್ನಿಗೆ ಬಿಸಿನೀರು ಹಾಕುತ್ತಿದ್ದೆ. ಊರಿನಲ್ಲಿ ಎಷ್ಟು ಮನೆಯ ಕೂಸುಗಳಿಗೆ ಹೀಗೆ ಎರೆದಿದ್ದೇನೋ, ಲೆಕ್ಕವಿಲ್ಲ. ಅವತ್ತು ಕಾಲು ನಡುಗತೊಡಗಿತು. ಚಳಿಗೆ ಎಂದುಕೊಂಡೆ. ಕಾಲುಗಳು ಒಂದಕ್ಕೊಂದು ಕೂಡಿ ನಿಲ್ಲಲಿಲ್ಲ. ಅಗಲಿದವು.

ಕೂಸು ಜಾರಿತು.

ಮಗಳು ಶರಣಮ್ಮ ಟವೆಲು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಹಸಿ ಬಾಣಂತಿ, ಬಗ್ಗಿ ಹಿಡಿದುಬಿಟ್ಟಳು. ದೇವರು ದೊಡ್ಡವನು, ಕೂಸಿಗೆ ಏನೂ ಆಗಲಿಲ್ಲ. ಮಗಳು ಕೂಸನ್ನು ಟವೆಲಿನಲ್ಲಿ ಸುತ್ತಿ ಒಳಗೆ ಒಯ್ದಳು. ನನಗೆ ಬೈದಿದ್ದರೆ ಚೆನ್ನಾಗಿತ್ತು.

ನಮ್ಮದು ಗುಲ್ಬರ್ಗಾದ ಕಡೆ. ಮೊದಲ ಬಾಣಂತನ ತವರಿನಲ್ಲೇ ಆಗಬೇಕು. ಆದರೆ ಬಸುರಿಗೆ ಬಿ.ಪಿ. ಏರಿ, ದೂರದ ಪ್ರಯಾಣ ಬೇಡ ಎಂದು ಡಾಕ್ಟರು ಹೇಳಿದ್ದರಿಂದ ತವರೇ ಗಂಟು ಕಟ್ಟಿಕೊಂಡು ಬೆಂಗಳೂರಿಗೆ ಬಂದಿತು. ತವರು ಎಂದರೆ ನಾನೊಬ್ಬಳೇ. ಅಳಿಯ ಗಾರೆ ಕೆಲಸ ಮಾಡುತ್ತಾನೆ. ಟಿನ್ ಫ್ಯಾಕ್ಟರಿಯ ಹಿಂದಿನ ಓಣಿಯಲ್ಲಿ, ಮೂರಂತಸ್ತಿನ ಮನೆಯ ಕೆಳಗೆ ಒಂದು ಬಾಡಿಗೆ ಕೋಣೆ. ಕೂಸು ಹುಟ್ಟಿದ ದಿನ ನಾನು ಕುಣಿಯುವುದೊಂದು ಬಾಕಿ. ನನ್ನದೇ ಮೂಗು. ನನ್ನದೇ ಗದ್ದ. ನಗುವಾಗ ಎಡಗೆನ್ನೆಯಲ್ಲಿ ಒಂದು ಗುಳಿ, ಅದು ಮಾತ್ರ ಯಾರದೋ ಗೊತ್ತಿಲ್ಲ. ಹೇಳಹೊರಟರೆ ಹೇಳುತ್ತಲೇ ಇರುತ್ತೇನೆ.

ಬಾಣಂತಿಗೆ ಗಾಳಿ ತಾಗಬಾರದು. ಇದ್ದ ಒಂದೇ ಕಿಟಕಿಗೆ ಹಳೆಯ ಸೀರೆ ತುರುಕಿದೆ. ಆ ಕತ್ತಲಲ್ಲೇ ನಾನೂ ಇದ್ದೆ. ಊರಿನಿಂದ ಕೊಬ್ಬರಿ, ಉತ್ತತ್ತಿ, ತಿನ್ನುವ ಅಂಟು, ಅಳವಿ ಬೀಜ ತಂದು, ತುಪ್ಪ ಬೆಲ್ಲ ಹಾಕಿ ಉಂಡಿ ಕಟ್ಟಿ ಡಬ್ಬಿಗೆ ತುಂಬಿದ್ದೆ. ಬಾಣಂತಿಯ ಡಬ್ಬಿಗೆ ಬೇರೆ ಯಾರೂ ಕೈ ಹಾಕುವಂತಿಲ್ಲ, ಅದು ನಮ್ಮ ಮನೆಯ ಪದ್ಧತಿ. ಕಟ್ಟಿದವಳೂ ರುಚಿ ನೋಡುವುದಿಲ್ಲ. ನಾನು ಚಹಾ ಕುಡಿದು, ಉಳಿದ ರೊಟ್ಟಿ ತಿಂದು ದಿನ ಕಳೆಯುತ್ತಿದ್ದೆ. ಮೂಳೆಯೆಲ್ಲ ನೋಯುತ್ತಿತ್ತು. ಬೆಳಿಗ್ಗೆ ಏಳುವುದಕ್ಕೆ ಗೋಡೆ ಬೇಕಾಗುತ್ತಿತ್ತು. ಯಾರಿಗೂ ಹೇಳಿರಲಿಲ್ಲ.

ಕೂಸು ಜಾರಿದ ಮರುದಿನದಿಂದ ಮೇಲಿನ ಮನೆಯ ಸೆಲ್ವಿ ಬಂದು ಎರೆಯತೊಡಗಿದಳು. ಹಲಸೂರಿನ ತಮಿಳು ಹೆಂಗಸು, ಒಳ್ಳೆಯವಳು. ನಾನು ಸೋಪಿನ ಡಬ್ಬಿ ಹಿಡಿದು ಬದಿಯಲ್ಲಿ ನಿಲ್ಲುತ್ತಿದ್ದೆ. ಬಾಣಂತನಕ್ಕೆ ಬಂದವಳು ಸೋಪು ಹಿಡಿದು ನಿಂತಿದ್ದಾಳೆ! ಕಾಯಿನ್ ಫೋನಿನಲ್ಲಿ ಊರಿನ ತಂಗಿಯ ಜೊತೆ ಮಾತಾಡಿದಾಗ, ಕೂಸಿಗೆ ದಿನಾ ನಾನೇ ಎರೆಯುತ್ತೇನೆ ಎಂದೆ.

ಅಳಿಯ ಒಂದು ದಿನದ ಕೆಲಸ ಬಿಟ್ಟು ಶಿವಾಜಿನಗರದ ಆಸ್ಪತ್ರೆಗೆ ಕರೆದುಕೊಂಡು ಹೋದ. ಬ್ಲಡ್ ಟೆಸ್ಟ್ ಮಾಡಿದರು. ಲೇಡಿ ಡಾಕ್ಟರು ಚಿಕ್ಕ ವಯಸ್ಸಿನವರು. "ಅಜ್ಜಿ, ಹಿಮೋಗ್ಲೋಬಿನ್ ತುಂಬಾ ಕಡಿಮೆ ಇದೆ. ವಿಟಮಿನ್ ಡಿ ಕೂಡ ಕಡಿಮೆ ಇರೋ ಹಾಗಿದೆ. ಬಿಸ್ಲಲ್ಲಿ ಕೂರೋದೇ ಇಲ್ವಾ? ಯಾವೂರು?"

"ಗುಲ್ಬರ್ಗಾದ ಕಡಿ ರೀ."

ಅವರು ನಕ್ಕುಬಿಟ್ಟರು. "ಅಷ್ಟು ಬಿಸ್ಲಿನ ಊರಿಂದ ಬಂದು, ಬಿಸ್ಲು ಸಾಲ್ದೆ ಕಾಲು ನಡುಗಿಸ್ಕೊಂಡಿದ್ದೀರಲ್ಲಾ!"

ನಗು ಬರಲಿಲ್ಲ ನನಗೆ. ನಮ್ಮ ಕಡೆ ಬಿಸಿಲು ಎಂದರೆ ಓಡಿ ಒಳಗೆ ಸೇರುವುದು, ತಲೆ ತುಂಬಾ ಸೆರಗು ಎಳೆದುಕೊಳ್ಳುವುದು. ಅದನ್ನು ಹುಡುಕಿಕೊಂಡು ಹೋಗಿ ಕೂರುವವರನ್ನು ನಾನು ಕಂಡಿಲ್ಲ. ಡಾಕ್ಟರು ಮಾತ್ರೆ ಬರೆದರು. ಸೊಪ್ಪು, ಕಾಳು, ರಾಗಿ, ಎಳ್ಳು, ಬೆಲ್ಲ ತಿನ್ನಿ ಎಂದರು. ತೋಳು, ಕಾಲು, ಬೆನ್ನಿಗೆ ಬಿಸಿಲು ತಾಗಬೇಕು ಎಂದರು. ಅಳಿಯನ ಎದುರಿಗೇ ಎಂದರು. ಅವನು ಪಾಪ, ಗೋಡೆಯ ಕ್ಯಾಲೆಂಡರು ನೋಡುತ್ತಾ ನಿಂತ.

ಮನೆಗೆ ಬಂದೊಡನೆ ಮಗಳು ಕಿಟಕಿಯ ಸೀರೆ ಕಿತ್ತಳು. ಡಬ್ಬಿ ತೆಗೆದು ಒಂದು ಉಂಡಿ ನನ್ನ ಬಾಯಿಯ ಹತ್ತಿರ ಹಿಡಿದಳು.

"ಬ್ಯಾಡವ್ವ. ಅದು ನಿಂದು."

"ತಿನ್ನಬೇ. ನಾ ತಿಂದ್ರ ಕೂಸಿಗಿ ಹಾಲಾಗ್ತದ. ನೀ ತಿಂದ್ರ ನಿನ್ನ ಕಾಲಿಗಿ ಬಲ ಬರ್ತದ. ಕೂಸು ಮಲಗೂದು ಅದೇ ಕಾಲ ಮ್ಯಾಲಲ್ಲ?"

ತಿಂದೆ. ಗೋಡೆಯ ಕಡೆ ತಿರುಗಿ ತಿಂದೆ. ಬಾಯಲ್ಲಿ ತುಪ್ಪ ಕರಗುತ್ತಿತ್ತು. ಹಡೆದ ಮಗಳ ಪಾಲು ತಿಂದ ತಾಯಿ ನಾನು.

ಬಿಸಿಲಿನ ಕಥೆ ಇನ್ನೂ ಕಷ್ಟದ್ದು. ಓಣಿಯಲ್ಲಿ ಬಿಸಿಲು ಬೀಳುವುದು ತಾರಸಿಯ ಮೇಲೆ ಮಾತ್ರ. ಎದುರು ತಾರಸಿಯಲ್ಲಿ ಗಂಡಸರು ಹಲ್ಲುಜ್ಜುತ್ತಿರುತ್ತಾರೆ. ಮೊದಲ ದಿನ ಸೆರಗು ಹೊದ್ದು, ಮೇಲೆ ಶಾಲು ಹೊದ್ದು, ನೀರಿನ ಟ್ಯಾಂಕಿನ ಹಿಂದೆ ಕೂತೆ. ಸೆಲ್ವಿ ಬಟ್ಟೆಯ ಬಕೆಟ್ಟು ಇಳಿಸಿ ನೋಡಿದಳು.

"ಏನ್ ಅಜ್ಜಿ ಇದು? ಬಿಸ್ಲಿಗೆ ಬಂದ್ಬಿಟ್ಟು ಕಂಬ್ಳಿ ಥರ ಸುತ್ಕೊಂಡಿದ್ದೀರಾ? ಸೂರ್ಯ ಏನು, ಬಟ್ಟೆ ಬಿಚ್ಚಿ ಹುಡುಕ್ಬೇಕಾ ನಿಮ್ಮನ್ನ?"

"ಗಂಡಸ್ರು ಹರಲ್ಲವಾ ಅಲ್ಲಿ."

ಅವಳು ಎದುರು ತಾರಸಿಯ ಕಡೆ ಒಮ್ಮೆ ನೋಡಿದಳು. ಒಗೆದ ಬೆಡ್‌ಶೀಟುಗಳನ್ನೆಲ್ಲ ನನ್ನ ಸುತ್ತಲಿನ ತಂತಿಗೆ ಹರಡಿದಳು. ಮೂರು ಕಡೆ ಹಸಿ ಬಟ್ಟೆಯ ಗೋಡೆ, ಮೇಲೆ ಬಯಲು. "ಈಗ ನೋಡೋದು ಕಾಗೆ ಮಾತ್ರ. ಕಾಲು ಚಾಚಿ," ಎಂದಳು. ಆಮೇಲೆ ದಿನಾ ಬೆಡ್‌ಶೀಟು ಒಗೆದಳು ಆ ಪುಣ್ಯಾತ್ಗಿತ್ತಿ. ಅಷ್ಟು ಮಂದಿಯೇ ಅವಳ ಮನೆಯಲ್ಲಿಲ್ಲ.

ಮೊಣಕಾಲವರೆಗೆ ಸೀರೆ ಸರಿಸಿದೆ. ಬೆಳ್ಳಗೆ ಬಿಳಿಚಿಕೊಂಡ ಕಾಲು. ನನಗೇ ನೋಡಲು ಆಗಲಿಲ್ಲ. ಸ್ವಲ್ಪ ದಿನದ ಮೇಲೆ ಮಗಳು ಕೂಸನ್ನೂ ತಂದು ಎಳೆಬಿಸಿಲಿಗೆ ನನ್ನ ಪಕ್ಕ ಮಲಗಿಸತೊಡಗಿದಳು. ಹುಟ್ಟಿ ಕೆಲವೇ ವಾರದ ಕೂಸು, ಹಲ್ಲು ಬಿದ್ದ ಮುದುಕಿ, ಇಬ್ಬರಿಗೂ ಒಂದೇ ಔಷಧ. ಕೂಸು ಕಣ್ಣು ಕಿರಿದು ಮಾಡಿ ಸೀನುತ್ತಿತ್ತು. ನಾನೂ ಸೀನುತ್ತಿದ್ದೆ.

ಮಾತ್ರೆ ತಪ್ಪಿಸಲಿಲ್ಲ. ನುಗ್ಗೆಸೊಪ್ಪಿನ ಪಲ್ಯ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶುಂಠಿ ಬೆಲ್ಲದ ಕಷಾಯ, ದಿನಕ್ಕೊಂದು ಉಂಡಿ. ಯಾವುದು ಹಿಡಿಯಿತೋ ನನಗೆ ತಿಳಿಯದು. ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಗೋಡೆ ಹಿಡಿಯದೆ ಎದ್ದು ನಿಂತಿದ್ದೆ. ಎದ್ದ ಮೇಲೆ ನೆನಪಾಯಿತು, ಗೋಡೆ ಹಿಡಿಯಲಿಲ್ಲ ಎಂದು.

ಎರೆಯಲೇ ಎಂದು ಕೇಳುವ ಧೈರ್ಯ ಬರಲಿಲ್ಲ. ಮೊನ್ನೆ ಸೆಲ್ವಿ ಹಲಸೂರಿನ ತವರಿಗೆ ಹೋಗಿದ್ದಳು. ಶರಣಮ್ಮ ನೀರು ಕಾಸಿ, ಮಣೆ ಹಾಕಿ, "ಕೂಡ್ರಬೇ," ಎಂದಳು. ಕೂತೆ. ಕಾಲು ಚಾಚಿದೆ. ಅವಳು ಕೂಸನ್ನು ನನ್ನ ಕಾಲ ಮೇಲೆ ಮಲಗಿಸಿ, ಎರಡೂ ಕೈ ಚಾಚಿ ಪಕ್ಕದಲ್ಲೇ ನಿಂತಳು. ಮೊದಲ ತಂಬಿಗೆ. ಎರಡನೆಯ ತಂಬಿಗೆ. ಕಾಲುಗಳು ಕೂಡಿಯೇ ಇದ್ದವು. ಕೂಸು ಅಳುತ್ತಿತ್ತು, ನಾನೂ ಅಳುತ್ತಿದ್ದೆ, ನೀರಿನಲ್ಲಿ ಯಾರಿಗೂ ಕಾಣಲಿಲ್ಲ.

ಆಗ ಮಗಳು ಕೈ ಹಿಂದಕ್ಕೆ ತೆಗೆದುಕೊಂಡಳು. "ರೊಟ್ಟಿ ಹೊತ್ತಲಿಕತ್ತದ," ಎಂದು ಒಳಗೆ ಹೋದಳು.

ಒಲೆಯ ಮೇಲೆ ರೊಟ್ಟಿ ಇರಲಿಲ್ಲ. ನನಗೆ ಗೊತ್ತು.

ಈಗಲೂ ತಾರಸಿಯ ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲುತ್ತೇನೆ. ಮತ್ತೆ ಟೆಸ್ಟ್ ಇದೆ. ನಾಚಿಕೆ ಪೂರ್ತಿ ಹೋಗಿಲ್ಲ. ಉಂಡಿ ತಿನ್ನುವಾಗ ಇವತ್ತಿಗೂ ಗೋಡೆಯ ಕಡೆಗೇ ತಿರುಗುತ್ತೇನೆ. ಆದರೆ ಈಗ ಕೂಸು ತೊಡೆಯ ಮೇಲಿರುತ್ತದೆ. ನಾನು ತಿರುಗಿದರೆ ಅದೂ ತಿರುಗುತ್ತದೆ.