ಹಂಡೆಯೊಳಗಿನ ಕಲ್ಲು

ಅಸೂಟಿಯ ಚನ್ನವ್ವನ ದಿನ ಬಚ್ಚಲೊಲೆಯ ಮುಂದೆ ಬೆಂಕಿ ಊದುತ್ತಾ ಶುರುವಾಗುತ್ತಿತ್ತು. ಮದುವೆಯಾಗಿ ಬಂದ ಮರುದಿನದಿಂದ ಇಪ್ಪತ್ತೆರಡು ವರ್ಷ ಹೀಗೇ. ಕರಿಮಣ್ಣಿನ ಆ ಸೀಮೆಯಲ್ಲಿ ಉರಿಸಲು ಮರಗಳಿಲ್ಲ. ಹತ್ತಿ ಬಿಡಿಸಿದ ಮೇಲೆ ಕಿತ್ತು ತಂದ ಹತ್ತಿಕಟ್ಟಿಗೆ, ಗೋಡೆಗೆ ತಟ್ಟಿದ ಕುಳ್ಳು, ವರ್ಷದ ಉರುವಲು ಅಷ್ಟೇ. ಹೊಲದಿಂದ ಹೊತ್ತವಳೂ ಅವಳೇ, ತಟ್ಟಿದವಳೂ ಅವಳೇ.

೧೯೫೬ರ ಪುಷ್ಯದಲ್ಲಿ ಮಗಳು ಗೌರವ್ವ ತವರಿಗೆ ಬಂದು ಚೊಚ್ಚಲ ಕೂಸನ್ನು ಹೆತ್ತಳು. ಎರಡು ದಿನ ಬೇನೆ ತಿಂದ ಮೈ; ಎದ್ದು ಕೂತರೆ ಕಣ್ಣು ಕತ್ತಲೆ. ನಲವತ್ತು ದಿನ ಬಿಸಿನೀರು ಹಾಕಿ ಅವಳನ್ನು ಎತ್ತಿ ನಿಲ್ಲಿಸಬೇಕಿತ್ತು. ಹಿತ್ತಿಲಿನ ಬಣವೆ ನೋಡಿದರೆ ತಿಂಗಳೂ ಬಾರದು. ಹೊಸ ಹತ್ತಿ ಇನ್ನೂ ಹೊಲದಲ್ಲೇ ನಿಂತಿತ್ತು. ಕೂಸಿನ ಹೆಸರಿಡಲು ಬಂದ ಬೀಗತಿ ಅಡಿವೆವ್ವ ಬಣವೆಯತ್ತ ಒಮ್ಮೆ ಕಣ್ಣು ಹಾಯಿಸಿ, "ನಿಮಗ ತ್ರಾಸ ಆದ್ರ ಹೇಳ್ರಿ, ಕರ್ಕೊಂಡ ಹೋಗ್ತೀವಿ. ನಮ್ಮಲ್ಲಿ ಕೆಲಸಕ್ಕೂ ಮಂದಿ ಬೇಕಾಗ್ಯಾರ" ಎಂದು ಹೋದಳು. ಆ ಮಾತು ಚನ್ನವ್ವನ ಎದೆಯಲ್ಲಿ ಕೂತಿತು.

ಕಲಾಯಿ ಹಾಕುವವನ ಹೆಂಡತಿ, ನೆರೆಮನೆಯ ಬೀಬಿಜಾನ ಒಂದು ದಿನ ಕೆಂಡ ಕೇಳಲು ಬಂದವಳು ತಾಮ್ರದ ಹಂಡೆಯೊಳಗೆ ಇಣುಕಿ ನಕ್ಕುಬಿಟ್ಟಳು. ಸವಳು ನೀರು ಕಾದೂ ಕಾದೂ ತಳದಲ್ಲಿ ಹೆಬ್ಬೆರಳು ದಪ್ಪ ಬಿಳಿ ಕಲ್ಲು ಕಟ್ಟಿತ್ತು.

"ಯಕ್ಕಾ, ನೀ ಮೊದಲ ಕಲ್ಲು ಕಾಸ್ತಿ. ಕಲ್ಲು ಕಾದ ಮ್ಯಾಲೆ ನೀರು. ಕಟಗಿ ಹ್ಯಾಂಗ ಉಳೀಬೇಕು?"

"ಅತ್ತಿ ಒಳಗ ಕೈ ಹಾಕಗೊಡೂದಿಲ್ಲ."

ನಿಜ. ನೀರು ತುಂಬುವ ಹಬ್ಬಕ್ಕೆ ಹಂಡೆಯ ಹೊರಮೈಯನ್ನು ಹುಣಸೆಹಣ್ಣಿನಿಂದ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಗೆರೆ ಎಳೆಯುತ್ತಿದ್ದರು. ಒಳಗನ್ನು ಮುಟ್ಟಬಾರದೆಂಬುದು ಅತ್ತೆ ಮುದುಕವ್ವನ ಕಟ್ಟಪ್ಪಣೆ.

ಮುದುಕವ್ವ ತಂಗಿಯನ್ನು ನೋಡಲು ಅಬ್ಬಿಗೇರಿಗೆ ಹೋದ ದಿನ ಚನ್ನವ್ವ ಹಂಡೆಯೊಳಗೆ ಅರ್ಧ ಮೈ ಇಳಿಬಿಟ್ಟು, ಕಳೆ ತೆಗೆಯುವ ಕುರ್ಚಿಗಿಯಿಂದ ಕಲ್ಲು ಎಬ್ಬಿಸಿದಳು. ಹೆಂಚಿನ ಚೂರುಗಳಂತೆ ಒಂದು ಬುಟ್ಟಿ ಬಿತ್ತು. ನೀರು ತುಂಬಿ ಉರಿ ಹಾಕಿದಳು. ಒಲೆ ಚುಂಯ್ ಎಂದಿತು. ತಳದಲ್ಲಿ ತೂತು! ಬೆಂಕಿ ಆರಿ, ಬೂದಿ ಕೆಸರಾಗಿ ಕಾಲಿಗೆ ಹರಿಯಿತು. ಅಂದು ಮಣ್ಣಿನ ಗಡಿಗೆಗಳಲ್ಲಿ ನೀರು ಕಾಸಿ, ಮೂರು ದಿನದ ಉರುವಲನ್ನು ಒಂದೇ ದಿನಕ್ಕೆ ಸುಟ್ಟಳು.

ಸಂಜೆ ಬಂದ ಮುದುಕವ್ವ ಆರಿದ ಒಲೆ ನೋಡಿದಳು, ಬುಟ್ಟಿ ನೋಡಿದಳು. ಬೈಗುಳ ಬೀಳುತ್ತದೆಂದು ಚನ್ನವ್ವ ತಲೆ ತಗ್ಗಿಸಿ ನಿಂತಳು.

"ಆ ತೂತು ನಿಂದಲ್ಲ ಬಿಡ," ಎಂದಳು ಮುದುಕಿ, ಕಟ್ಟೆಯ ಮೇಲೆ ಕೂರುತ್ತಾ. "ನಾ ಮಾಡಿದ್ದು. ನಿನ್ನ ಗಂಡ ಹುಟ್ಟಿದಾಗ. ನನಗೂ ಕಟಗಿ ಹೊತ್ತು ಸಾಕಾಗಿತ್ತು, ಕಲ್ಲು ಒಡ್ಯಾಕ ಒನಕಿ ತಗೊಂಡು ಬಡದೆ. ಮಾವನ ಅಂಜಿಕಿಗೆ ಹತ್ತಿ ಅರಳಿ, ಸುಣ್ಣ ಮೆತ್ತಿ ತೂತು ಮುಚ್ಚಿದೆ. ಮ್ಯಾಲೆ ಕಲ್ಲು ಕಟ್ಟಿತು. ಯಾರಿಗೂ ತಿಳೀಲಿಲ್ಲ."

"ಹೇಳಿದ್ರ ಆಗತಿತ್ತಲ್ರಿ ಅತ್ತಿ. ಇಪ್ಪತ್ತೆರಡ ವರ್ಷ ಕಲ್ಲು ಕಾಸೀನಿ."

"ಹ್ಯಾಂಗ ಹೇಳ್ಲೇ? ಹೇಳೂ ಹೊತ್ತು ದಾಟಿ ಹೋಗಿತ್ತು."

ಮರುದಿನ ಮುದುಕವ್ವನೇ ಬೀಬಿಜಾನಳ ಗಂಡನನ್ನು ಕರೆದು ತಳಕ್ಕೆ ತಾಮ್ರದ ತೇಪೆ ಹಾಕಿಸಿದಳು. ಆಮೇಲೆ ಹಂಡೆ ಬೇಗ ಕಾಯತೊಡಗಿತು. ಮೂರು ಹೊರೆಯ ಕೆಲಸ ಎರಡಕ್ಕೇ ಮುಗಿಯುತ್ತಿತ್ತು. ಆದರೂ ಚನ್ನವ್ವ ದಿನಾ ಬಣವೆಗೆ ಕೈ ಹಾಕುವಾಗ ಉಳಿದದ್ದನ್ನು ಕಣ್ಣಲ್ಲೇ ಅಳೆಯುತ್ತಿದ್ದಳು. ನಲವತ್ತನೆಯ ದಿನ ಗೌರವ್ವ ತಾನೇ ಎದ್ದು ನಡೆದು ಬಚ್ಚಲಿಗೆ ಬಂದಳು. ಬಣವೆಯಿದ್ದ ನೆಲದ ಮೇಲೆ ಎರಡು ತೆಕ್ಕೆ ಕಟ್ಟಿಗೆ ಉಳಿದಿತ್ತು.

ಮಗಳು ಮಿಂದು ಒಳಗೆ ಹೋದ ಮೇಲೆ ಮುದುಕವ್ವ ತಂಬಿಗೆ ಹಿಡಿದು ನಿಂತಳು. "ಹಂಡ್ಯಾಗ ಬಿಸಿನೀರು ಅದಾವು. ಕೂಡ್ರು, ನಿನಗ ಹಾಕ್ತೀನಿ."

"ನಾಳೆ ಹಾಕ್ರಿ ಅತ್ತಿ," ಎಂದಳು ಚನ್ನವ್ವ. ಬೆಚ್ಚಗಿದ್ದ ಒಲೆಯ ಗೋಡೆಗೆ ಬೆನ್ನು ಕೊಟ್ಟಿದ್ದವಳಿಗೆ ಎದ್ದು ಸೀರೆ ಬಿಚ್ಚುವಷ್ಟೂ ಕಸುವು ಇರಲಿಲ್ಲ.