ಸಿದ್ದಕ್ಕನ ಕಂಪ್ಯೂಟರಿಗೆ ಪುಕ್ಕಟೆ ಕಾವಲು

ಬೆಳಗಾವಿಯ ಖಾಸಬಾಗದಲ್ಲಿ ನನ್ನ ಸೀರೆ ಫಾಲ್ ಹೊಲಿಯುವ ಅಂಗಡಿಗೆ ಹೊಂದಿಕೊಂಡೇ ಸಿದ್ದಕ್ಕನ ವಧೂವರರ ಕೇಂದ್ರ. ಕೇಂದ್ರ ಅಂದರೆ ಒಂದು ಮೇಜು, ಒಂದಿಷ್ಟು ಕುರ್ಚಿ, ಒಂದು ಕಂಪ್ಯೂಟರ್ ಮತ್ತು ಸಿದ್ದಕ್ಕನ ಬಾಯಿ. ಬೆಳಗಾವಿ, ಖಾನಾಪುರದ ಅದೆಷ್ಟೋ ಮನೆಗಳಲ್ಲಿ ಮದುವೆಯ ಅಕ್ಕಿಕಾಳು ಬೀಳುವಂತೆ ಮಾಡಿದವಳು ಅವಳು. ಮೊದಲು ಎಲ್ಲವೂ ಅವಳ ತಲೆಯಲ್ಲೇ ಇತ್ತು. ಮರೆವು ಶುರುವಾದ ಮೇಲೆ ಹಟ ಹಿಡಿದು ಕಂಪ್ಯೂಟರ್ ಕಲಿತಳು. ನಾನು ಗೇಲಿ ಮಾಡುತ್ತಿದ್ದೆ, ಒಳಗೊಳಗೆ ಹೊಟ್ಟೆಕಿಚ್ಚೂ ಪಡುತ್ತಿದ್ದೆ.

ಅವಳಲ್ಲಿ ಯಾರೂ ಏನನ್ನೂ ಮುಚ್ಚಿಡುವ ಹಾಗಿರಲಿಲ್ಲ. "ಖಾಲಿ ಬಿಟ್ಟ ಜಾಗಾದಾಗ ಸುಳ್ಳ ಕುಂತಿರತೈತಿ" ಎಂದು ಹೆಣ್ಣಿನ ತಾಯಂದಿರನ್ನು ಗದರುತ್ತಿದ್ದಳು. ಹಳೆಯ ಕಾಯಿಲೆ, ಮುರಿದುಬಿದ್ದ ನಿಶ್ಚಯ, ಎಲ್ಲ ಹೇಳಿಸಿ ಬರೆದಿಟ್ಟುಕೊಳ್ಳುವಳು. ಆದರೆ ಒಬ್ಬರ ಮನೆಯ ಮಾತು ಇನ್ನೊಬ್ಬರ ಮನೆಗೆ ದಾಟಿಸಿದವಳಲ್ಲ. ನಾಲ್ಕಾರು ಸಲ ಬೇಡ ಅನ್ನಿಸಿಕೊಂಡ ಹುಡುಗಿಯ ಮನೆಗೆ ಗಂಡಿನವರನ್ನು ಕಳಿಸುತ್ತಲೂ ಇರಲಿಲ್ಲ. ಊರವರ ಬಾಯಿಗೆ ಬೀಳದ ಹಾಗೆ ಪೇಟೆಯಲ್ಲೇ ಎಲ್ಲೋ ಕನ್ಯಾ ನೋಡುವ ಏರ್ಪಾಟು ಮಾಡುವಳು.

ಹೋದ ಶ್ರಾವಣದಲ್ಲಿ ಒಂದು ಮಧ್ಯಾಹ್ನ ಅವಳ ಪರದೆ ಕೆಂಪಗಾಗಿ ಕೂಗಿಕೊಳ್ಳತೊಡಗಿತು. ವೈರಸ್ ಹೊಕ್ಕಿದೆ, ಪುಕ್ಕಟೆ ರಕ್ಷಣೆ ಕೊಡುತ್ತೇವೆ, ಈ ನಂಬರಿಗೆ ಫೋನ್ ಮಾಡಿ ಎಂದು ಬರೆದಿತ್ತು. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವವರೇ ನಾವೆಲ್ಲ. ಸಿದ್ದಕ್ಕ ಫೋನ್ ಮಾಡಿದಳು. ಆ ಕಡೆಯವನು ಒಂದು ಪುಟ ತೆರೆಸಿದ. ಹೆಸರು, ಹುಟ್ಟಿದ ದಿನ, ತಾಯಿಯ ತವರು, ಏನು ಕೇಳಿದ್ದರೋ ಅದನ್ನೆಲ್ಲ ತುಂಬಿದಳು. ನಾನಾಗಿದ್ದರೆ ಅರ್ಧಕ್ಕೇ ಬೇಸತ್ತು ಬಿಟ್ಟುಬಿಡುತ್ತಿದ್ದೆ. ಖಾಲಿ ಬಿಡುವುದು ಅವಳ ಕೈಯಿಂದ ಆಗುವ ಕೆಲಸವಲ್ಲ. ಕೊನೆಗೆ ಅವನು ಒತ್ತು ಎಂದ ಗುಂಡಿಯನ್ನೂ ಒತ್ತಿದಳು.

"ಇಲ್ನೋಡ ಬಾ ಪೂರ್ಣಿಮಾ, ನಾ ಮುಟ್ಟೇ ಇಲ್ಲ, ಬಾಣ ತಾನ ಓಡ್ಯಾಡತೈತಿ" ಎಂದು ನನ್ನನ್ನು ಕರೆದಳು.

ಹೋಗಿ ನೋಡಿದರೆ ಪರದೆಯ ಮೇಲಿನ ಬಾಣ ಒಬ್ಬೊಬ್ಬ ಹುಡುಗಿಯ ಹೆಸರನ್ನು ತೆರೆಯುತ್ತಿತ್ತು, ಮುಚ್ಚುತ್ತಿತ್ತು.

"ಅಕ್ಕಾ, ಇಂವಾ ಏನ ನೋಡಾಕತ್ತಾನ? ಬಂದ್ ಮಾಡ."

"ಹುಳಾ ಹುಡಕಾಕತ್ತಾನ, ಸುಮ್ನಿರ. ಪಾಪ, ಒಂದ ರೂಪಾಯಿ ಸೈತ ಕೇಳಿಲ್ಲ."

ಬೇಲಿಯೇ ಎದ್ದು ಹೊಲ ಮೇಯ್ದದ್ದು ಗೊತ್ತಾಗಲು ಒಂದು ವಾರವೂ ಬೇಕಾಗಲಿಲ್ಲ. ನಾಲ್ಕಾರು ಸಲ ಬೇಡ ಅನ್ನಿಸಿಕೊಂಡಿದ್ದ, ಗುಂಜಿ ಹಳ್ಳಿಯ ರೇಣವ್ವನ ಮಗಳು ಅನುರಾಧಾಳ ಹೊಸ ಫೋಟೋ ಕೇಳಲೆಂದು ಸಿದ್ದಕ್ಕ ನನ್ನೆದುರಿಗೇ ಸ್ಪೀಕರ್ ಹಾಕಿ ರೇಣವ್ವನಿಗೆ ಫೋನ್ ಮಾಡಿದಳು. ರೇಣವ್ವನ ದನಿಯಲ್ಲಿ ಹಬ್ಬದ ಸಂಭ್ರಮ.

"ನಿಮ್ಮ ಆಫೀಸಿನ ಹುಡಿಗಿ ಎಲ್ಲಾ ಹೇಳ್ಯಾಳ್ರೀ ಅಕ್ಕಾರ. ಖಾನಾಪುರ ಬಸ್‌ಸ್ಟ್ಯಾಂಡಿಗೆ ಗಂಡಿನವರ ಕಾರ್ ಬರತೈತಂತಲ್ಲ. ಬಂಗಾರ ಹಾಕ್ಕೊಂಡ ಒಬ್ಬಾಕೇ ಬರ್ಲಿ ಅಂದ್ರು. ಅನುರಾಧಾ ಈಗಷ್ಟ ಬಸ್ ಹತ್ತಿದ್ಲರಿ."

ಸಿದ್ದಕ್ಕನ ಕೇಂದ್ರದಲ್ಲಿ ಸಿದ್ದಕ್ಕನನ್ನು ಬಿಟ್ಟರೆ ಇನ್ನೊಂದು ನರಪಿಳ್ಳೆ ಇಲ್ಲ.

"ಯಾರೋ ಏನೋ, ಹೆಂಗ ನಂಬಿದ್ರಿ ರೇಣವ್ವಾ?"

"ಬೆನ್ನ ಮ್ಯಾಲಿನ ಬಿಳಿ ಕಲಿ, ಆ ತೊನ್ನಿನ ಸುದ್ದಿ ನಿಮಗ ಬಿಟ್ರ ಯಾರಿಗೂ ಹೇಳಿಲ್ಲಲ್ರಿ. ಆ ಹುಡಿಗಿಗೆ ಅದೂ ಗೊತ್ತಿತ್ತು."

ಸಿದ್ದಕ್ಕ ಆ ಫೋನ್ ಇಟ್ಟು ಕೂಡಲೇ ಮಗಳ ನಂಬರಿಗೆ ಹಚ್ಚಿದಳು. ಅನುರಾಧಾಳ ಫೋನ್ ಬಂದ್ ಆಗಿತ್ತು. ನಾನು ಪೊಲೀಸರಿಗೆ ಫೋನ್ ಹಚ್ಚಿದೆ, ಕಳಿಸುತ್ತೇವೆ ಎಂದರು. ಕುಳಿತು ಕಾಯುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಸಿದ್ದಕ್ಕನನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಖಾನಾಪುರದ ದಾರಿ ಹಿಡಿದೆ. ಎದುರಿಗೆ ಬರುವ ಪ್ರತಿ ಕಾರಿನೊಳಗೂ ಅವಳು ಹಣಿಕಿ ನೋಡುತ್ತಿದ್ದಳು. ಅವಳ ಉಗುರು ನನ್ನ ಭುಜಕ್ಕೆ ನೆಟ್ಟಿತ್ತು. "ನಾನಽ ಆಕಿನ್ನ ಅವರ ಕೈಯಾಗ ಕೊಟ್ಟೆ, ನಾನಽ ಕೊಟ್ಟೆ" ಎಂದು ಒಂದೇ ಸಮನೆ ಅನ್ನುತ್ತಿದ್ದಳು. ನನಗೂ ಅಷ್ಟೇ ಹೆದರಿಕೆಯಾಗಿತ್ತು.

ಬಸ್‌ಸ್ಟ್ಯಾಂಡಿನ ಹೊರಗೆ ಬಿಳಿ ಕಾರೊಂದು ಹಿಂದಿನ ಬಾಗಿಲು ತೆರೆದುಕೊಂಡು ನಿಂತಿತ್ತು. ಜರಿಸೀರೆಯ ಹೆಂಗಸೊಬ್ಬಳು ಅನುರಾಧಾಳ ಕೈ ಹಿಡಿದು, "ಬಾ ತಂಗಿ, ಹುಡುಗ ದಾರಿ ಕಾಯಾಕತ್ತಾನ" ಅನ್ನುತ್ತಿದ್ದಳು. ಅನುರಾಧಾ ಒಂದು ಕಾಲು ಒಳಗಿಟ್ಟಿದ್ದಳು.

"ಏಯ್! ಹತ್ತಬ್ಯಾಡಽ!"

ಸಿದ್ದಕ್ಕ ಚೀರಿದ ಚೀರಿಗೆ ಬಸ್ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಆ ಹೆಂಗಸು ಹಿಡಿದ ಕೈ ಬಿಟ್ಟು ಒಳಗೆ ಹಾರಿದಳು. ಬಾಗಿಲು ಮುಚ್ಚುವ ಮೊದಲೇ ಕಾರು ಹೊರಟುಹೋಯಿತು. ಅನುರಾಧಾ ರಸ್ತೆಗೆ ಬಿದ್ದಳು. ನಾವು ಎತ್ತಿ ಕಟ್ಟೆಯ ಮೇಲೆ ಕೂರಿಸಿದೆವು. ಮೊಣಕೈ ತರಚಿತ್ತು, ಕೊರಳಿನ ಸರ ಕೊರಳಲ್ಲೇ ಇತ್ತು.

ಸಿದ್ದಕ್ಕ ಅವಳ ಕಾಲು ಹಿಡಿಯುವುದೊಂದು ಬಾಕಿ. ಕಂಪ್ಯೂಟರ್, ಕೆಂಪು ಪರದೆ, ಫೋನಿನವನು, ಎಲ್ಲ ಬಿಡಿಸಿ ಹೇಳಿದಳು. ಅನುರಾಧಾ ಬೈಯಲಿಲ್ಲ, ಅಳಲೂ ಇಲ್ಲ. ಕಾರು ಹೋದ ದಾರಿಯನ್ನೇ ನೋಡುತ್ತಿದ್ದಳು.

"ಕಲಿ ಇದ್ರೂ ಹುಡುಗ ಒಪ್ಪ್ಯಾನ ಅಂತ ಆ ಫೋನಿನ ಹುಡಿಗಿ ಹೇಳಿದ್ಲಲ್ರೀ ಅಕ್ಕಾರ" ಎಂದಳು. "ಅದೂ ಸುಳ್ಳೇನ್ರಿ?"