ಏಟು ಬೀಳದ ಕೈ

ಅಪ್ಪ ಸೇಲಂ ಕಡೆಯಿಂದ ಮಂಡ್ಯಕ್ಕೆ ಬಂದು, ಸಕ್ಕರೆ ಕಾರ್ಖಾನೆಯ ಬಾಯ್ಲರಿಗೆ ಕಬ್ಬಿನ ಸಿಪ್ಪೆ ತುಂಬುವ ಕೆಲಸಕ್ಕೆ ಸೇರಿದಾಗ ನನಗೆ ಕನ್ನಡದ ಒಂದು ಮಾತೂ ಬರುತ್ತಿರಲಿಲ್ಲ. ಸ್ಕೂಲಿನಲ್ಲಿ ದಿನಾ ಬೆಳಗ್ಗೆ ಮಹಾರಾಜರನ್ನು ಕಾಯೆಂದು ದೇವಿಗೆ ಹಾಡುವ ಪ್ರಾರ್ಥನೆ. ಅರ್ಥ ತಿಳಿಯದೆಯೇ ನಾಲೆ ಏರಿಯ ಮೇಲೆ ಓಡಾಡುತ್ತಾ ಅದನ್ನು ಬಾಯಿಪಾಠ ಮಾಡಿದೆ. ಎರಡನೆಯ ವರ್ಷಕ್ಕೆ ಮೇಷ್ಟ್ರು ನನ್ನನ್ನೇ ಮುಂದೆ ನಿಲ್ಲಿಸಿದರು. ನಾನು ಒಂದು ಸಾಲು ಹಾಡಬೇಕು, ಎದುರಿಗೆ ನಿಂತ ಹುಡುಗರೆಲ್ಲ ಅದನ್ನೇ ಹಾಡಬೇಕು.

"ತಮಿಳ್ರ ಹೈದ ನಮಗೇ ಯೋಳ್ಕೊಡ್ತಾನಲ್ಲಾ!" ಎಂದು ನಕ್ಕವರೇ ಆಮೇಲೆ ಚಿನ್ನಿದಾಂಡಿಗೆ ಸೇರಿಸಿಕೊಂಡರು. ನಾನು ಈ ಊರಿನವನೇ ಆದೆ ಎಂದುಕೊಂಡೆ.

ನಲವತ್ತೇಳು. ದೇಶಕ್ಕೆ ಸ್ವಾತಂತ್ರ್ಯ ಬಂದು ತಿಂಗಳಾಗಿತ್ತು. ಮೈಸೂರು ಸೀಮೆಯಲ್ಲಿ ಮಾತ್ರ ಇನ್ನೂ ಅರಮನೆಯದೇ ಸರ್ಕಾರ. ಅದು ಜನರ ಕೈಗೆ ಬರಬೇಕೆಂದು ಬೀದಿಯಲ್ಲೆಲ್ಲ ಕೂಗು, ಲಾಠಿ.

ಅಂಥ ಒಂದು ಬೆಳಗ್ಗೆ ಎಂದಿನಂತೆ ಕೈ ಮುಗಿದು, ಕಣ್ಣು ಮುಚ್ಚಿ ಮೊದಲ ಸಾಲು ಹಾಡಿದೆ. ಎದುರಿನಿಂದ ದನಿಯೇ ಬರಲಿಲ್ಲ. ಕಣ್ಣು ಬಿಟ್ಟೆ. ಅಷ್ಟೂ ಹುಡುಗರು ತುಟಿ ಬಿಗಿದುಕೊಂಡು ನನ್ನನ್ನೇ ನೋಡುತ್ತಿದ್ದರು. ನಡುವೆ ನಿಲ್ಲಿಸಿದರೆ ಏಟು, ನನಗೆ ಗೊತ್ತಿದ್ದದ್ದು ಅಷ್ಟೇ. ಕೊನೆಯ ಸಾಲಿನವರೆಗೆ ಒಬ್ಬನೇ ಹಾಡಿದೆ.

ಮೇಷ್ಟ್ರು ಬೆತ್ತ ತರಲು ಒಳಗೆ ಹೋದರು. ನನಗೆ ನಾಲೆಯಲ್ಲಿ ಈಜು ಕಲಿಸಿದ ಗೆಳೆಯನ ಹತ್ತಿರ ಓಡಿದೆ.

"ಏನ್ಲಾ ಇದು?"

"ಇನ್ಮೇಲೆ ಪ್ರಾರ್ತನೆ ಮಾಡ್ಬಾರ್ದು ಅಂತ ನೆನ್ನೆನೇ ಎಲ್ರೂ ಮಾತಾಡ್ಕಂಡಿದ್ದೋ ಕಣ್ಲಾ."

"ನಂಗ್ಯಾಕ್ಲಾ ಯೋಳ್ನಿಲ್ಲ?"

"ನೀನು ಬ್ಯಾರೆ ಕಡೆಯೋನು. ಮೇಷ್ಟ್ರುಗೆ ಯೋಳ್ಬುಟ್ರೆ?"

ಅವನ ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ.

ಸಾಲಾಗಿ ಏಟು ಶುರುವಾಯಿತು. ನಾನೂ ಅವನ ಪಕ್ಕ ನಿಂತು ಕೈ ಚಾಚಿದೆ. ಅವನಿಗೆ ಎರಡು ಬಿತ್ತು. ಮೇಷ್ಟ್ರು ನನ್ನ ಕೈಯನ್ನು ಮೆಲ್ಲಗೆ ಕೆಳಗಿಳಿಸಿ, "ನೀನು ಒಳ್ಳೇ ಹುಡುಗ ಕಣಯ್ಯ, ಹೋಗಿ ಕೂತ್ಕೋ" ಎಂದು ಮುಂದಿನವನ ಹತ್ತಿರ ಹೋದರು.

ಆವತ್ತು ಇಡೀ ಸ್ಕೂಲಿನಲ್ಲಿ ಕೆಂಪಾಗದ ಅಂಗೈ ನನ್ನದೊಂದೇ.

ಅಪ್ಪ ಎಷ್ಟು ಬೈದರೂ ನಾನು ಮತ್ತೆ ಸ್ಕೂಲಿನ ಮೆಟ್ಟಿಲು ಹತ್ತಲಿಲ್ಲ. ಬಾಯ್ಲರ್ ಮನೆಯಲ್ಲಿ ದೊಡ್ಡವರ ಸಮಕ್ಕೆ ಸಿಪ್ಪೆ ಹೊತ್ತೆ. ವಾರದೊಳಗೆ ಎರಡು ಅಂಗೈಯಲ್ಲೂ ಬೊಬ್ಬೆ. ಒಂದು ಸಂಜೆ ಸ್ಕೂಲು ಬಿಡುವ ಹೊತ್ತಿಗೆ ಹೋಗಿ, ಗೆಳೆಯನಿಗೆ ಕೈ ಬಿಚ್ಚಿ ತೋರಿಸಿದೆ.

ಬಗ್ಗಿ ನೋಡಿದ. ತನ್ನ ಅಂಗೈಯನ್ನೂ ನೋಡಿಕೊಂಡ.

"ನಂದು ಆಗ್ಲೇ ಮಾಯ್ದೋಯ್ತು ಕಣ್ಲಾ" ಎಂದ.